ದೂಡಿದರೆ ತೆರೆಯುವ ಬಾಗಿಲು

ಮದುವೆ ಮಂಟಪಕ್ಕೆ ಹೋದವರು ಮೊದಲು ವಧೂವರರನ್ನು ನೋಡುತ್ತಾರೆ. ನಾನು ಎರಡನೆಯ ಬಾಗಿಲು ಎಲ್ಲಿದೆ ಎಂದು ನೋಡುತ್ತೇನೆ. ಕಂಡರೆ ಹೋಗಿ ಮೆಲ್ಲಗೆ ದೂಡುತ್ತೇನೆ. ತೆರೆದುಕೊಂಡರೆ ಸಮಾಧಾನದಿಂದ ಬಂದು ಅಕ್ಷತೆ ಹಿಡಿಯುತ್ತೇನೆ. ತೆರೆಯದಿದ್ದರೆ ಮಂಟಪ ನೋಡಿಕೊಳ್ಳುವವರು ಯಾರೆಂದು ವಿಚಾರಿಸಲು ಶುರುಮಾಡುತ್ತೇನೆ. ಅಷ್ಟು ಹೊತ್ತಿಗೆ ನನ್ನ ಯಜಮಾನರು ನನ್ನ ಪರಿಚಯವೇ ಇಲ್ಲವೆಂಬಂತೆ ದೂರದ ಕುರ್ಚಿಯೊಂದರಲ್ಲಿ ಕುಳಿತು ಯಾರ ಜೊತೆಗೋ ಮಳೆಯ ಮಾತಾಡುತ್ತಿರುತ್ತಾರೆ. ಅವರನ್ನು ದೂರುವಂತಿಲ್ಲ. ಮುಂಡರಗಿಯ ಮದುವೆಯೊಂದರಲ್ಲಿ ನಾನು ದೂಡಿದ ಬಾಗಿಲು ನೇರವಾಗಿ ಅಡಿಗೆಯವರ ಬಚ್ಚಲಿಗೆ ತೆರೆದುಕೊಂಡಿತು. ತಲೆತುಂಬ ಸೋಪಿನ ನೊರೆ ಹಚ್ಚಿಕೊಂಡು, ಪುಣ್ಯಕ್ಕೆ ಪಂಜೆ ಉಟ್ಟುಕೊಂಡು ಕುಳಿತಿದ್ದ ಅಡಿಗೆಯವರು ಕಣ್ಣು ಮುಚ್ಚಿಕೊಂಡೇ, "ಊಟಕ್ಕ ಇನ್ನಾ ಟೈಮ್ ಐತ್ರೀ ತಾಯಿ" ಎಂದರು.

ನಾನು ಮೊದಲಿನಿಂದಲೂ ಹೀಗಿರಲಿಲ್ಲ. ಒಂದು ಕಾಲದಲ್ಲಿ ನಾನು ಬೀಗದ ಪಕ್ಷದವಳು, ಅದೂ ಕಟ್ಟಾ ಪಕ್ಷದವಳು. ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಲಕ್ಷ್ಮೇಶ್ವರದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಪಾಠದ ಜೊತೆಗೆ ಶಾಲೆಯ ಶಿಸ್ತೂ ನನ್ನ ಪಾಲಿಗೆ ಬಂದಿತ್ತು. ಶಿಸ್ತಿನ ಜೊತೆಗೆ ಕೀಲಿಗಳು. ನಮ್ಮ ಕಡೆ ಬೀಗಕ್ಕೆ ಕೀಲಿ ಎನ್ನುತ್ತಾರೆ, ಅದನ್ನು ತೆಗೆಯುವುದಕ್ಕೆ ಕೀಲಿಕೈ. ಪ್ರಯೋಗಾಲಯದ್ದು, ಲೈಬ್ರರಿಯದು, ಹಾರ್ಮೋನಿಯಂ ಪೆಟ್ಟಿಗೆಯದು, ಆಟದ ಸಾಮಾನಿನ ಕೋಣೆಯದು ಎಂದು ಇಪ್ಪತ್ತಕ್ಕೂ ಮಿಕ್ಕಿದ ಕೀಲಿಕೈಗಳ ಗೊಂಚಲು ನನ್ನ ಸೊಂಟದಲ್ಲಿ ಝಣಝಣ ಎನ್ನುತ್ತಿತ್ತು. ಆ ಸಪ್ಪಳ ಕೇಳಿದರೆ ಸಾಕು, ಹುಡುಗಿಯರು ಮಾತು ನಿಲ್ಲಿಸಿ ಪುಸ್ತಕ ತೆರೆಯುತ್ತಿದ್ದರು. ಬೀಗ ಎಂಬ ಶಬ್ದಕ್ಕೂ ಬೀಗುವುದು ಎಂಬ ಕ್ರಿಯೆಗೂ ವ್ಯಾಕರಣದಲ್ಲಿ ನಂಟಿದೆಯೋ ಇಲ್ಲವೋ ಪಂಡಿತರು ಹೇಳಬೇಕು. ನನ್ನ ಸೊಂಟದಲ್ಲಂತೂ ಇತ್ತು.

ನಮ್ಮ ಶಾಲೆಯ ಸಭಾಗೃಹ ಮೊದಲು ಹತ್ತಿಯ ವಖಾರಿಯಾಗಿತ್ತು. ಊರಿನ ಹತ್ತಿ ವ್ಯಾಪಾರಿಯೊಬ್ಬರು ಶಾಲೆಗೆ ಬಿಟ್ಟುಕೊಟ್ಟದ್ದು. ಅವರ ಮಗನೇ ಆಗ ನಮ್ಮ ಶಾಲೆಯ ಚೇರಮನ್ನರು. ದಪ್ಪ ಕಲ್ಲಿನ ಗೋಡೆ, ಎತ್ತರದಲ್ಲಿ ತಗಡಿನ ಮಾಡು, ಮಾಡಿಗೆ ಹತ್ತಿದಂತೆ ಅಂಗೈಯಗಲದ ಕಿಟಕಿಗಳು. ರಸ್ತೆಯ ಕಡೆಗೆ ಒಂದು ದೊಡ್ಡ ಬಾಗಿಲು. ಅದು ಒಳಕ್ಕೆ ತೆರೆಯುತ್ತಿತ್ತು. ಹಿಂದೆ ಬಯಲಿನ ಕಡೆಗೆ ಒಂದು ಬಾಗಿಲು; ಅದು ಹೊರಕ್ಕೆ ತೆರೆಯುತ್ತಿತ್ತು. ಹತ್ತಿಯ ಅಂಡಿಗೆಗಳನ್ನು ಇಡಲು ಇದಕ್ಕಿಂತ ಒಳ್ಳೆಯ ಕಟ್ಟಡ ಸಿಗಲಿಕ್ಕಿಲ್ಲ. ಹತ್ತಿಗೆ ಎದ್ದು ಓಡಬೇಕಾದ ಪ್ರಸಂಗ ಬರುವುದಿಲ್ಲ. ನಮ್ಮ ಹುಡುಗಿಯರಿಗೆ ಬರಬಹುದೆಂದು ಯಾರಿಗೂ ಹೊಳೆದಿರಲಿಲ್ಲ, ವಿಜ್ಞಾನ ಕಲಿಸುವ ನನಗೂ ಕೂಡ.

ಒಂದು ವರ್ಷದ ಗ್ಯಾದರಿಂಗಿನಲ್ಲಿ, ಅಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ಪೇಟೆಯ ಕೆಲವು ಪಡ್ಡೆ ಹುಡುಗರು ಹಿಂದಿನ ಬಾಗಿಲಿನಿಂದ ನುಸುಳಿ ಬಂದು ಸಿಳ್ಳೆ ಹೊಡೆದಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಶಾಲೆಯ ಎದುರಿಗೆ ರಸ್ತೆ ದಾಟಿದರೆ ದಾವಲಸಾಬರ ಅಂಗಡಿ. ತಗಡಿನ ಟ್ರಂಕು ಮಾಡುವುದು, ಕೆಟ್ಟ ಕೀಲಿ ರಿಪೇರಿ ಮಾಡುವುದು ಅವರ ಕಸುಬು. ಐವತ್ತು ದಾಟಿದ ತೆಳ್ಳನೆಯ ಮನುಷ್ಯ, ಕಡ್ಡಿ ಮುರಿದ ಕನ್ನಡಕವನ್ನು ದಾರದಿಂದ ಕಿವಿಗೆ ಕಟ್ಟಿಕೊಂಡಿರುತ್ತಿದ್ದರು. ಅವರನ್ನು ಕರೆಸಿ ಹಿಂದಿನ ಬಾಗಿಲಿಗೆ ಒಳಗಿನಿಂದ ಕೊಂಡಿ ಹಾಕಿಸಿದೆ. "ಆನಿ ಬಂದು ಜಗ್ಗಿದರೂ ಬರಬಾರದು" ಎಂದು ನಾನೇ ಹೇಳಿದೆ. ಅವರು ಹಾಗೆಯೇ ಮಾಡಿದರು. ಅದಕ್ಕೆ ಮುಷ್ಟಿ ಗಾತ್ರದ ಕೀಲಿ ಜಡಿದು, ಕೀಲಿಕೈಯನ್ನು ಗೊಂಚಲಿಗೆ ಸೇರಿಸಿಕೊಂಡೆ.

ಮರುವರ್ಷದ ಗ್ಯಾದರಿಂಗು ಮಧ್ಯಾಹ್ನ ಮೂರಕ್ಕೆ ಶುರುವಾಯಿತು. ಹುಡುಗಿಯರು, ಅವರ ತಾಯಂದಿರು, ಕಂಕುಳ ಕೂಸುಗಳು, ಎಲ್ಲ ಸೇರಿ ಸಭಾಗೃಹ ಕಿಕ್ಕಿರಿದಿತ್ತು. ಎಂಟು ಹುಡುಗಿಯರು ಆರತಿ ತಟ್ಟೆ ಹಿಡಿದು ದೀಪದ ಕುಣಿತ ಮಾಡುತ್ತಿದ್ದರು. ಒಬ್ಬಳ ಕೈ ಸ್ವಲ್ಪ ಮೇಲೆ ಹೋಯಿತು. ವೇದಿಕೆಗೆ ಕಟ್ಟಿದ್ದ ಬಣ್ಣದ ಕಾಗದದ ಮಾಲೆಗೆ ದೀಪ ತಾಗಿತು. ಮಾಲೆ ಭರ್ರನೆ ಉರಿಯಿತು, ಪರದೆಯ ಅಂಚು ಹತ್ತಿಕೊಂಡಿತು. "ಬೆಂಕಿ!" ಎಂದು ಯಾರೋ ಕಿರಿಚಿದರು.

ಮುಂದಿನದು ನನಗೆ ತುಣುಕು ತುಣುಕಾಗಿ ನೆನಪಿದೆ. ಎಲ್ಲರೂ ರಸ್ತೆಯ ಬಾಗಿಲಿಗೆ ನುಗ್ಗಿದರು. ಅದು ಒಳಕ್ಕೆ ತೆರೆಯುವ ಬಾಗಿಲಾದ್ದರಿಂದ, ಮುಂದಿದ್ದವರು ಎಳೆದು ತೆರೆಯುವಷ್ಟರಲ್ಲಿ ಹಿಂದಿನವರು ಒತ್ತಿ ಅದನ್ನು ಮುಚ್ಚಿಬಿಟ್ಟರು. ಚೇರಮನ್ನರು ಕುರ್ಚಿಯ ಮೇಲೆ ನಿಂತು, "ಹಿಂದ ಸರೀರಿ, ಹಿಂದ ಸರೀರಿ!" ಎಂದು ಕೂಗುತ್ತಿದ್ದರು. ಯಾರಿಗೂ ಕೇಳುತ್ತಿರಲಿಲ್ಲ. ಅಲ್ಲಿ ದಾರಿ ಕಾಣದವರು ಹಿಂದಿನ ಬಾಗಿಲಿಗೆ ತಿರುಗಿದರು. ಅಲ್ಲಿ ನಾನು ನಿಂತಿದ್ದೆ, ಗೊಂಚಲು ಹಿಡಿದುಕೊಂಡು. ಮೊದಲು ಹಾಕಿದ್ದು ಲೈಬ್ರರಿಯ ಕೀಲಿಕೈ. ಎರಡನೆಯದು ಪ್ರಯೋಗಾಲಯದ ಕಪಾಟಿನದು. ಮೂರನೆಯದು ಒಳಗೆ ಹೋಯಿತು, ತಿರುಗಲಿಲ್ಲ. ನಾಲ್ಕನೆಯದನ್ನು ಹುಡುಕುವಾಗ ಗೊಂಚಲು ಕೈಜಾರಿ ಕೆಳಗೆ ಬಿತ್ತು, ಅದರ ಮೇಲೆ ಹುಡುಗಿಯರ ಕಾಲುಗಳು ಬಂದು ನಿಂತವು. ಬಗ್ಗಲು ಜಾಗವಿರಲಿಲ್ಲ.

ಗದ್ದಲ ಕೇಳಿ ದಾವಲಸಾಬರು ಹಾರೆಗೋಲು ಹಿಡಿದು ಹಿಂದಿನ ಬಯಲಿಗೆ ಓಡಿ ಬಂದಿದ್ದರು. ಕೊಂಡಿ ಒಳಗಡೆ ಇದೆ, ತಾವೇ ಹಾಕಿದ್ದು, ಆನೆ ಜಗ್ಗಿದರೂ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಹಾಗಾಗಿ ಕೊಂಡಿಯ ಗೊಡವೆಗೆ ಹೋಗದೆ, ಬಾಗಿಲು ತೂಗುವ ಹೊರಗಿನ ತಿರುಗುಣಿಗಳಿಗೆ ಹಾರೆ ಹಾಕಿ ಮೀಟಿದರು. ಬಾಗಿಲು ಚೌಕಟ್ಟಿನಿಂದ ಕಿತ್ತು ಹೊರಕ್ಕೆ ಬಿತ್ತು. ಅದಕ್ಕೆ ಒತ್ತಿಕೊಂಡಿದ್ದ ಹುಡುಗಿಯರೂ ಅದರೊಂದಿಗೆ ಬಿದ್ದರು. ಬೆಳಕು ಬಂತು, ಗಾಳಿ ಬಂತು, ಜನ ಹೊರಗೆ ಹರಿದರು.

ಯಾರ ಜೀವಕ್ಕೂ ಅಪಾಯವಾಗಲಿಲ್ಲ. ತರಚು ಗಾಯಗಳು, ಹರಿದ ಲಂಗಗಳು, ಕಳೆದುಹೋದ ಚಪ್ಪಲಿಗಳು. ಒಂಬತ್ತನೆಯ ತರಗತಿಯ ನೀಲವ್ವನಿಗೆ ಮಾತ್ರ ಬಲಗೈ ಮುರಿಯಿತು. ಬೆಳ್ಳಟ್ಟಿಯ ಹುಡುಗಿ, ಓದಲಿಕ್ಕೆಂದು ಲಕ್ಷ್ಮೇಶ್ವರದಲ್ಲಿ ಚಿಗವ್ವನ, ಅಂದರೆ ಚಿಕ್ಕಮ್ಮನ, ಮನೆಯಲ್ಲಿ ಇದ್ದವಳು. ಬಾಗಿಲು ಬಿದ್ದಾಗ ಅದರ ಅಂಚಿಗೆ ಅವಳ ಕೈ ಸಿಕ್ಕಿತ್ತು. ಇನ್ನು ಬೆಂಕಿ? ಅದನ್ನು ವೇದಿಕೆಯ ಮೇಲಿದ್ದ ಹುಡುಗಿಯರೇ ಎರಡು ಕೊಡ ನೀರು ಸುರಿದು ಆರಿಸಿಬಿಟ್ಟಿದ್ದರು. ನಾನು ಮೂರನೆಯ ಕೀಲಿಕೈ ತಿರುಗಿಸುತ್ತಿದ್ದ ಹೊತ್ತಿಗೆ ಬೆಂಕಿ ಇರಲೇ ಇಲ್ಲ. ನಮ್ಮನ್ನು ಅಷ್ಟು ಹೊತ್ತು ಹಿಂಡಿದ್ದು ಬರಿಯ ಬಾಗಿಲುಗಳು.

ಎರಡು ದಿನ ಬಿಟ್ಟು ನೀಲವ್ವನನ್ನು ನೋಡಲು ಹೋದೆ. ಗದಗಿಗೆ ಕರೆದುಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದಿದ್ದರು. ಚಿಗವ್ವ ಚಹಾ ಮಾಡಲು ಒಳಗೆ ಹೋದರು. ನಾನು ತಪ್ಪಾಯಿತು ಎಂದು ಹೇಳಲು ಬಂದಿದ್ದೆ. ಅವಳೇ ಮೊದಲು ಮಾತಾಡಿದಳು.

"ನೀವು ಕೀಲಿಕೈ ಹುಡುಕೂದು ನಾ ನೋಡಾಕತ್ತಿದ್ದೆರಿ ಅಕ್ಕೋರ. ನಿಮ್ಮ ಬಾಜೂಕ ಇದ್ದೆ. ನಿಮ್ಮ ಕೈ ಭಾಳ ನಡಗಾಕತ್ತಿತ್ತು."

ಅದರಲ್ಲಿ ದೂರು ಇರಲಿಲ್ಲ, ನನ್ನ ಮೇಲೆ ಮರುಕವಿತ್ತು. ದೂರು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಚಹಾ ಕುಡಿಯದೆ ಎದ್ದು ಬಂದೆ.

ಅವಳು ಶಾಲೆಗೆ ಬರತೊಡಗಿದ ಮೇಲೆ ಇನ್ನೊಂದು ಕಂಡಿತು. ಬೆಳಗಿನ ಪ್ರಾರ್ಥನೆ ನಡೆಯುತ್ತಿದ್ದುದು ಅದೇ ಸಭಾಗೃಹದಲ್ಲಿ. ನೀಲವ್ವ ಒಳಗೆ ಬರುತ್ತಿರಲಿಲ್ಲ. ರಸ್ತೆಯ ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ನಿಂತು, ಒಳಗಿನವರ ಜೊತೆ ದನಿಗೂಡಿಸಿ ಹಾಡಿ, ಹಾಗೆಯೇ ತರಗತಿಗೆ ಹೋಗುತ್ತಿದ್ದಳು. ನಾನು ಕಂಡೂ ಕಾಣದಂತೆ ಇದ್ದೆ. ಅವಳನ್ನು ಒಳಗೆ ಕರೆಯುವ ಮುಖ ನನಗಿರಲಿಲ್ಲ.

ಆಡಳಿತ ಮಂಡಳಿ ಕೂಡಿತು. ರಸ್ತೆಯ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಬಡಿಗರಿಂದ ತಿರುಗಿಸಿ ಕೂಡಿಸುವುದೆಂದು ಮೊದಲ ಮಾತಿಗೇ ಒಪ್ಪಿಗೆಯಾಯಿತು. ಹಿಂದಿನ ಬಾಗಿಲಿನದೇ ತಕರಾರು. ಕೀಲಿ ಹಾಕಲೇಬಾರದು ಎಂದು ನಾನು. ಹಾಕದಿದ್ದರೆ ಒಂದು ಹಾರ್ಮೋನಿಯಂ ಕೂಡ ಉಳಿಯುವುದಿಲ್ಲ ಎಂದು ಉಳಿದವರು. ಚೇರಮನ್ನರು ಕೆಟ್ಟವರಲ್ಲ. ಅಂದು ಕೊನೆಯ ಹುಡುಗಿ ಹೊರಗೆ ಹೋಗುವವರೆಗೂ ಅವರು ಕುರ್ಚಿಯಿಂದ ಇಳಿದಿರಲಿಲ್ಲ. ಈಗ ಅವರು ತಲೆ ಹಿಡಿದುಕೊಂಡು, "ಬಾಗಲಾ ತಗದಿಟ್ರ ಶಾಲಿ ಉಳಿಯೂದಿಲ್ಲ, ಹಾಕಿದ್ರ ಹುಡುಗ್ಯಾರು ಉಳಿಯೂದಿಲ್ಲ. ಏನ್ ಮಾಡೂಣು ಹೇಳ್ರಿ?" ಎಂದರು. ಆಮೇಲೆ ಏನೋ ನೆನಪಾದವರಂತೆ, ಮುಂಬಯಿಯ ಸಿನಿಮಾ ಥೇಟರೊಂದರಲ್ಲಿ ತಾವು ಕಂಡ ಬಾಗಿಲಿನ ಸಂಗತಿ ಹೇಳಿದರು. ಹೊರಗಿನಿಂದ ಅದಕ್ಕೆ ಹಿಡಿಕೆಯೇ ಇರಲಿಲ್ಲವಂತೆ. ಒಳಗಿನಿಂದ ಮಾತ್ರ ನೂಕಿದರೆ ತೆರೆಯುತ್ತಿತ್ತಂತೆ. ಒಳಗೆ ಏನು ಯಂತ್ರವಿತ್ತೋ ಅವರಿಗೆ ತಿಳಿಯದು. "ಪರೀಕ್ಷಾ ಬರೂದರಾಗ ಅಂಥಾದ್ದು ಆದ್ರ ನೋಡೂಣು. ಆಗಲಿಲ್ಲ ಅಂದ್ರ ಮತ್ತ ಕೀಲಿನ" ಎಂದು ಸಭೆ ಮುಗಿಸಿದರು.

ವಿಜ್ಞಾನದ ಶಿಕ್ಷಕಿಗೆ ಇಷ್ಟು ಸಾಕಾಯಿತು. ಸನ್ನೆಕೋಲಿನ ಪಾಠವನ್ನು ಎಷ್ಟು ವರ್ಷ ಮಾಡಿಲ್ಲ ನಾನು! ಎರಡು ದಿನ ಕುಳಿತು ದೊಡ್ಡ ಹಾಳೆಯ ಮೇಲೆ ನಕಾಶೆ ಬರೆದೆ. ಬಾಗಿಲಿಗೆ ಒಂದು ಹಿಡಿಕೆ, ಹಿಡಿಕೆ ತಿರುಗಿಸಿದರೆ ಒಂದು ಚಕ್ರ, ಚಕ್ರದಿಂದ ಅಗಳಿ. ಬಾಣದ ಗುರುತುಗಳೆಲ್ಲ ಕೆಂಪು ಶಾಯಿಯಲ್ಲಿ. ಅದನ್ನು ಸುರುಳಿ ಸುತ್ತಿ ದಾವಲಸಾಬರ ಅಂಗಡಿಗೆ ಹೋದೆ. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಚಿತ್ರ ಭಾಳ ಚಂದ ಐತ್ರಿ ಅಕ್ಕೋರ" ಎಂದರು. ನನಗೆ ಸಂತೋಷವಾಯಿತು. "ಆದ್ರ ಇದನ್ನ ಯಾರು ತಿರುಗಿಸವ್ರು?"

"ಬಾಗಲದ ಹತ್ರ ಇದ್ದವರು."

"ಅವತ್ತ ಬಾಗಲದ ಹತ್ರ ನೀವಾ ಇದ್ರೆಲ್ಲರಿ."

ಅವರು ಹಾಳೆಯನ್ನು ಜೋಪಾನವಾಗಿ ಸುತ್ತಿ ನನ್ನ ಕೈಗೆ ಕೊಟ್ಟರು.

"ಸಿಟ್ಟಾಗಬ್ಯಾಡ್ರಿ. ನಂದೂ ತಪ್ಪೈತಿ. ಗಟ್ಟಿ ಕೊಂಡಿ ಹಾಕಂದ್ರಿ, ಹಾಕಿದೆ. ಒಳಗಿನ ಮಂದಿ ಹೊರಗ ಹ್ಯಾಂಗ ಬರ್ತಾರ ಅಂತ ಕೇಳಲಿಲ್ಲ. ಮೂವತ್ತು ವರ್ಷ ಆತು ಕೀಲಿ ಮಾಡಾಕ ಹತ್ತಿ. ಕಳ್ಳ ಹ್ಯಾಂಗ ಬರ್ತಾನ ಅಂತ ದಿನಾ ವಿಚಾರ ಮಾಡೀನಿ. ಮನಿ ಮಂದಿ ಹ್ಯಾಂಗ ಓಡ್ತಾರ ಅಂತ ಒಂದ ದಿನಾನೂ ಮಾಡಿಲ್ಲ."

ಈ ಮಾತು ಮುಂದೆ ನನ್ನ ತಲೆಯಲ್ಲಿ ಎಷ್ಟೋ ದಿನ ತಿರುಗುತ್ತಿತ್ತು. ಕೋಟೆಯ ಬಾಗಿಲುಗಳನ್ನು ನೋಡಿ. ಆನೆ ಬಂದು ಹಾಯಬಾರದೆಂದು ಹೊರಗೆ ಮೊಳೆಗಳು. ಗುಡಿಯ ದ್ವಾರಪಾಲಕರನ್ನು ನೋಡಿ. ಮುಖವೆಲ್ಲ ಹೊರಗೆ, ಬರುವವರ ಕಡೆಗೆ. ನಮ್ಮ ಹಳೆಯ ಮನೆಗಳ ಅಗಳಿಯಾದರೂ ಅಷ್ಟೆ. ಗೋಡೆಯೊಳಗಿನಿಂದ ತೊಲೆಯಂಥ ಮರ ಎಳೆದು ಬಾಗಿಲಿಗೆ ಅಡ್ಡ ಹಾಕಿದರೆ ಹೊರಗಿನವನು ಕಂಗಾಲು. ಆದರೆ ಅದನ್ನು ಗೋಡೆಯೊಳಗೆ ಮತ್ತೆ ನೂಕಲು ಒಳಗಿನವರಿಗೂ ಇಬ್ಬರು ಬೇಕು. ಬಾಗಿಲು ಮಾಡಿದವರೆಲ್ಲ ಹೊರಗೆ ನಿಂತವನ ಬಗ್ಗೆ ಇಷ್ಟು ಯೋಚಿಸಿದರಲ್ಲ, ಒಳಗೆ ಕುಳಿತವರ ಬಗ್ಗೆ ಒಂದಿಷ್ಟು ಯೋಚಿಸಬಹುದಿತ್ತು. ಇದೆಲ್ಲ ನನ್ನ ಪಾಂಡಿತ್ಯ. ದಾವಲಸಾಬರು ಇದಕ್ಕೆಲ್ಲ ಹೊತ್ತು ಕಳೆಯಲಿಲ್ಲ. ಅವರು ಮರುದಿನ ಶಾಲೆಗೆ ಬಂದು, ಮೆಟ್ಟಿಲ ಮೇಲೆ ನಿಂತಿದ್ದ ನೀಲವ್ವನ ಪಕ್ಕದಲ್ಲಿ ಕುಳಿತರು.

"ನಿನ್ನ ಕೈ ನನ್ನಿಂದ ಮುರೀತವ್ವಾ" ಎಂದರು.

"ನೀವು ಬಾಗಲಾ ಕೆಡವಿಲ್ಲಂದ್ರ ನಾ ಅಲ್ಲೇ ಉಸರುಗಟ್ಟಿ ಬೀಳ್ತಿದ್ನಿರಿ ಕಾಕಾ."

"ಅದನ್ನ ಕೇಳಾಕ ಬಂದೀನಿ. ಅಲ್ಲಿ ಹ್ಯಾಂಗಿತ್ತು ಹೇಳು. ಕೈ ಎಲ್ಲಿದ್ದೂ? ಮೈ ಎಲ್ಲಿತ್ತು?"

ಆ ದಿನದ ಬಗ್ಗೆ ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ. ಎಲ್ಲರೂ ಮರೆತುಬಿಡು ಎಂದಿದ್ದರು. ಅವಳು ಗೋಡೆಗೆ ಒತ್ತಿ ನಿಂತು ತೋರಿಸಿದಳು. "ಕೈ ಎತ್ತಾಕ ಜಾಗಾನ ಇರ್ಲಿಲ್ಲರಿ. ಕೆಳಗ ಸಿಕ್ಕೊಂಡಿದ್ದೂ. ಹೊಟ್ಟಿ, ಎದಿ ಬಾಗಲಕ್ಕ ಒತ್ತಿದ್ದೂ. ಹಿಂದಿನಾರು ದೂಡಾಕತ್ತಿದ್ರು. ನಾನೂ ಬಾಗಲಾನ ದೂಡಾಕತ್ತಿದ್ದೆ. ಕೀಲಿ ಐತಿ ಅಂತ ಗೊತ್ತಿದ್ರೂ ದೂಡಾಕತ್ತಿದ್ದೆ."

ದಾವಲಸಾಬರು ಎದ್ದು, ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನ್ನ ಕಡೆ ತಿರುಗಿದರು. "ಕೇಳಿದ್ರೇನ್ರಿ ಅಕ್ಕೋರ? ಗಾಬರಿ ಆದಾಗ ಕೈಯಾಗ ಶ್ಯಾಣ್ಯಾತನ ಉಳಿಯೂದಿಲ್ಲ. ತಿರುಗಿಸೂದು, ಎಳಿಯೂದು, ಎತ್ತೂದು ಒಂದೂ ಆಗೂದಿಲ್ಲ. ಮೈಗೆ ಒಂದ ಕೆಲಸ ಗೊತ್ತಿರತೈತಿ, ದೂಡೂದು. ದೂಡಿದ್ರ ಸಾಕು, ತೆರೀಬೇಕು."

ಇಷ್ಟೇ. ಇಪ್ಪತ್ತು ಕೀಲಿಕೈಗಳ ಒಡತಿಗೆ ತಿಳಿಯದ್ದು ಮೆಟ್ಟಿಲ ಮೇಲೆ ಕುಳಿತು ಒಂಬತ್ತನೆಯ ತರಗತಿಯ ಹುಡುಗಿಯನ್ನು ಕೇಳಿದವರಿಗೆ ತಿಳಿಯಿತು.

ಗದಗಿನ ಗುಜರಿಯಿಂದ ಅವರು ಹಳೆಯ ಮಂಚದ ಕಬ್ಬಿಣದ ಕೊಳವೆ ತಂದರು. ಬೆಟಗೇರಿಯಿಂದ ಕೆಟ್ಟ ಮಗ್ಗವೊಂದರ ಸ್ಪ್ರಿಂಗು ತಂದರು. ಹತ್ತು ದಿನ ಅಂಗಡಿಯಲ್ಲಿ ಟ್ರಂಕಿನ ಸಪ್ಪಳ ನಿಂತು ಬೇರೆ ಸಪ್ಪಳ ಕೇಳಿತು. ಆಮೇಲೆ ಹಿಂದಿನ ಬಾಗಿಲು ತನ್ನ ಜಾಗಕ್ಕೆ ಮರಳಿತು. ಒಳಗಡೆ ಹುಡುಗಿಯರ ಸೊಂಟದ ಮಟ್ಟಕ್ಕೆ, ಬಾಗಿಲಿನ ಪೂರಾ ಅಗಲಕ್ಕೆ, ಅಡ್ಡಲಾಗಿ ಆ ಕೊಳವೆ. ಅದು ಬಾಗಿಲಿಗೆ ಅಂಟಿರಲಿಲ್ಲ, ಎರಡೂ ತುದಿಗೆ ಎರಡು ತೋಳುಗಳ ಮೇಲೆ ಸ್ವಲ್ಪ ಮುಂದೆ ಚಾಚಿಕೊಂಡಿತ್ತು. ಅದನ್ನು ಒತ್ತಿದರೆ ತೋಳು ಒಳಸರಿಯುತ್ತಿತ್ತು. ತೋಳು ಸರಿದರೆ ಮೇಲಿನ ಚೌಕಟ್ಟಿನ ತೂತಿನೊಳಗಿದ್ದ ಸರಳು ಕೆಳಗೆ ಇಳಿಯುತ್ತಿತ್ತು, ಹೊಸ್ತಿಲ ತೂತಿನಲ್ಲಿದ್ದ ಸರಳು ಮೇಲೆ ಏಳುತ್ತಿತ್ತು. ಎರಡೂ ಬಿಟ್ಟರೆ ಬಾಗಿಲನ್ನು ಹಿಡಿದಿಡುವುದು ಏನೂ ಇಲ್ಲ. ಕೈಬಿಟ್ಟರೆ ಸ್ಪ್ರಿಂಗು ಎಲ್ಲವನ್ನೂ ಮೊದಲಿನ ಜಾಗಕ್ಕೆ ತರುತ್ತಿತ್ತು. ಸರಳುಗಳ ತುದಿಯನ್ನು ಓರೆಯಾಗಿ ತಿಕ್ಕಿದ್ದರಿಂದ, ಬಾಗಿಲನ್ನು ಮುಚ್ಚಿದರೆ ಅವು ತಾವೇ ಜಾರಿ ತೂತಿನಲ್ಲಿ ಕೂರುತ್ತಿದ್ದವು. ಹೊರಗಡೆ ಹಿಡಿಕೆಯಿಲ್ಲ, ಕೀಲಿಯ ಕಿಂಡಿಯಿಲ್ಲ, ಬರಿಯ ತಗಡು.

ನಾನು ಒಂದೇ ಬೆರಳಿನಿಂದ ಕೊಳವೆಯನ್ನು ಒತ್ತಿದೆ. ಟಕ್ ಎಂದು ಬಾಗಿಲು ಬಯಲಿಗೆ ತೆರೆದುಕೊಂಡಿತು. ಮೈ ಜುಮ್ಮೆಂದಿತು. ಚೇರಮನ್ನರು ಬಂದು ತಾವೂ ಒತ್ತಿದರು, ಹೊರಗೆ ಹೋಗಿ ಜಗ್ಗಿದರು, ತಮ್ಮ ಆಳಿನಿಂದ ಜಗ್ಗಿಸಿದರು, ಚಾಕು ಹಾಕಿ ಮೀಟಿಸಿದರು. ಅತ್ತ ಕಡೆಯಿಂದ ಅದು ಗೋಡೆಯೇ. "ಆತಲ್ಲ! ಶಾಬಾಸ್!" ಎಂದು ದಾವಲಸಾಬರ ಬೆನ್ನು ತಟ್ಟಿದರು.

"ಇನ್ನಾ ಆಗಿಲ್ರಿ" ಎಂದರು ದಾವಲಸಾಬರು. "ಅಕ್ಕೋರ, ಮೂವತ್ತು ಹುಡುಗ್ಯಾರನ್ನ ಕರೀರಿ. ಮೊದಲ ಎಲ್ಲಾರೂ ಕೊಳವಿ ಮುಟ್ಟದಾಂಗ ಬಾಗಲದ ಹಲಗಿಗೆ ಕೈ ಒತ್ತಿ ನಿಂದರ್ಲಿ. ಆಮ್ಯಾಲೆ ಒಬ್ಬಾಕಿ ಕೊಳವಿ ದೂಡ್ಲಿ."

ಹುಡುಗಿಯರು ನಗುತ್ತ ಬಂದು ಒತ್ತಿ ನಿಂತರು. ಒಬ್ಬಳು ಕೊಳವೆ ದೂಡಿದಳು. ಬಾಗಿಲು ಅಲುಗಲಿಲ್ಲ. ಇನ್ನೊಬ್ಬಳು ದೂಡಿದಳು, ಇಬ್ಬರು ಸೇರಿ ದೂಡಿದರು. ಇಲ್ಲ. ನಗು ನಿಂತಿತು. ರಸ್ತೆಯ ಕಡೆಯ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ ನೀಲವ್ವ ಮೆಲ್ಲಗೆ ತರಗತಿಯ ಕಡೆ ಹೊರಟು ಹೋದಳು.

ಕಾರಣವನ್ನು ಪತ್ತೆ ಮಾಡಿದ್ದು ನಾನೇ ಎಂದು ಹೇಳಿಕೊಳ್ಳಲು ಆಸೆಯಿದೆ, ಆದರೆ ಹಾಗಾಗಲಿಲ್ಲ. ದಾವಲಸಾಬರೇ ಹೇಳಿದರು. ಮೂವತ್ತು ಜನರ ಭಾರಕ್ಕೆ ಬಾಗಿಲು ಹೊರಕ್ಕೆ ಒತ್ತಿದಾಗ, ಸರಳಿನ ತುದಿ ತೂತಿನ ಅಂಚಿಗೆ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡ ಸರಳನ್ನು ಎಳೆಯಲು ಹುಡುಗಿಯ ಬಲ ಸಾಲದು. ನಾನು ಆಗ, "ಅದು ಘರ್ಷಣೆ" ಎಂದೆ. "ಹೆಸರೇನರ ಇರ್ಲಿ ಬಿಡ್ರಿ" ಎಂದು ಅವರು ಸರಳುಗಳನ್ನು ಬಿಚ್ಚಿಕೊಂಡು ಹೊರಟರು. ಶಾಲೆಯ ಪರೀಕ್ಷೆಗೆ ಇನ್ನು ವಾರ ಮಾತ್ರ ಉಳಿದಿತ್ತು. ಚೇರಮನ್ನರು ಹಳೆಯ ಕೊಂಡಿಯನ್ನು ಹುಡುಕಿಸಿ ಇಟ್ಟುಕೊಂಡರು.

ಘರ್ಷಣೆಯ ಪಾಠವನ್ನು ನಾನು ಪ್ರತಿ ವರ್ಷ ಕಲಿಸುತ್ತಿದ್ದೆ. ಜಾರುವ ವಸ್ತುವಿಗಿಂತ ಉರುಳುವ ವಸ್ತುವಿಗೆ ಘರ್ಷಣೆ ಕಡಿಮೆ ಎಂದು ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆಯುತ್ತಿದ್ದೆ. ಆ ಗೆರೆ ಎಳೆದ ಕೈಗೆ ಹೊಳೆಯದ್ದು ದಾವಲಸಾಬರಿಗೆ ಹೊಳೆಯಿತು. ಗದಗಿನ ಹಳೆಯ ಮುದ್ರಣಯಂತ್ರವೊಂದರ ಎರಡು ಸಣ್ಣ ಬೇರಿಂಗುಗಳನ್ನು ತಂದು, ಸರಳಿನ ತುದಿ ತಾಗುವ ಕಡೆ ತೂತಿನ ಅಂಚಿಗೆ ಒಂದೊಂದು ಕೂಡಿಸಿದರು. ಈಗ ಸರಳು ಅಂಚಿಗೆ ಎಷ್ಟೇ ಒತ್ತಿದರೂ ಕಚ್ಚಿಕೊಳ್ಳುವ ಬದಲು ಉರುಳಿ ಈಚೆ ಬರಬೇಕು. ಮನೆಯಲ್ಲಿ ಅನ್ನ ಬಸಿಯುವುದನ್ನು ಹೇಳುವಷ್ಟು ಸಹಜವಾಗಿ ಇದನ್ನು ಹೇಳಿದರು. ನಾನು ವಿದ್ಯಾರ್ಥಿನಿಯಂತೆ ನಿಂತು ಕೇಳಿದೆ.

ಬಾಗಿಲನ್ನು ಎರಡನೆಯ ಸಲ ಪರೀಕ್ಷಿಸುವ ದಿನ ಅವರು ಅದರ ಹೊರಗೆ ಹುಲ್ಲು ಹಾಸಿ, ಅದರ ಮೇಲೆ ಗೋಣಿಚೀಲ ಹರವಿದ್ದರು. ಮೂವತ್ತು ಹುಡುಗಿಯರು ಬಂದು, ಕೊಳವೆಗೆ ತಾಗದಂತೆ ಹಲಗೆಗೆ ಕೈ ಒತ್ತಿ ನಿಂತರು. ಕೊಳವೆಯ ನಡುಮಧ್ಯದಲ್ಲಿ ಮಾತ್ರ ಒಂದು ಜಾಗ ಬಿಡಿಸಿದ್ದರು.

"ನೀಲವ್ವಾ, ಬಾ" ಎಂದು ಕರೆದರು.

ಅವಳು ಮೆಟ್ಟಿಲ ಮೇಲೆ ನಿಂತಿದ್ದಳು. ಪ್ಲಾಸ್ಟರಿನ ಕೈ ಕೊರಳ ಬಟ್ಟೆಯಲ್ಲಿ ತೂಗುತ್ತಿತ್ತು. "ಆಗೂದಿಲ್ಲರಿ ಕಾಕಾ" ಎಂದಳು. ನಾನು ಹೋಗಿ ಅವಳ ಪಕ್ಕ ನಿಂತೆ. "ನಂಗೂ ಹೆದರಿಕಿ ಐತಿ ನೀಲವ್ವಾ. ಕೂಡೇ ಹೋಗೂಣು" ಎಂದೆ. ಅವಳು ನನ್ನ ಮುಖ ನೋಡಿದಳು. ಎಡಗೈಯಿಂದ ನನ್ನ ಸೆರಗಿನ ತುದಿ ಹಿಡಿದುಕೊಂಡು ಒಳಗೆ ಕಾಲಿಟ್ಟಳು. ಬಾಗಿಲಿನವರೆಗೆ ಹಾಗೆಯೇ ಬಂದೆವು.

"ಕೈ ಹಚ್ಚಬ್ಯಾಡ. ಹೊಟ್ಟೀಲೆ ದೂಡು" ಎಂದರು ದಾವಲಸಾಬರು.

ಅವಳು ಕಣ್ಣು ಮುಚ್ಚಿ ಕೊಳವೆಗೆ ಮೈಯೊರಗಿಸಿದಳು. ಬಾಗಿಲು ಹಾರಿ ತೆರೆಯಿತು. ಮೂವತ್ತು ಹುಡುಗಿಯರು ಒಬ್ಬರ ಮೇಲೊಬ್ಬರು ಗೋಣಿಚೀಲದ ಮೇಲೆ ಉರುಳಿ ಕಿಲಕಿಲ ನಗತೊಡಗಿದರು. ನೀಲವ್ವ ಮಾತ್ರ ಹೊಸ್ತಿಲ ಮೇಲೆ ನಿಂತೇ ಇದ್ದಳು. "ಇನ್ನೊಮ್ಮೆ ಹಾಕ್ರಿ" ಎಂದಳು. ಹಾಕಿದರು. ದೂಡಿದಳು. "ಇನ್ನೊಮ್ಮೆ." ಚೇರಮನ್ನರು ಗಡಿಯಾರ ನೋಡಿ, ಅವಳ ಮುಖ ನೋಡಿ, ಗಡಿಯಾರವನ್ನು ಮರೆತರು. ಅವಳಿಗೆ ಸಾಕೆನಿಸುವವರೆಗೆ ದಾವಲಸಾಬರು ಹೊರಗೆ ನಿಂತು ಬಾಗಿಲು ಮುಚ್ಚಿಕೊಡುತ್ತಲೇ ಇದ್ದರು. ನಡುವೆ ಒಮ್ಮೆ ಕನ್ನಡಕ ತೆಗೆದು ಒರೆಸಿಕೊಂಡರು. ಧೂಳು ಎಂದರು.

ಮರುದಿನದ ಪ್ರಾರ್ಥನೆಗೆ ನೀಲವ್ವ ಒಳಗೆ ಬಂದಳು. ಕಟ್ಟಕಡೆಯ ಸಾಲಿನಲ್ಲಿ, ಹಿಂದಿನ ಬಾಗಿಲಿಗೆ ಹತ್ತಿ, ಕೊಳವೆಯ ಮೇಲೆ ಕೈಯಿಟ್ಟುಕೊಂಡು ನಿಂತಳು. ಮುಂದಿನ ವಾರ ಒಂದು ಸಾಲು ಮುಂದೆ ಬಂದಳು. ಬೇಸಿಗೆ ರಜೆಯ ಹೊತ್ತಿಗೆ ತನ್ನ ಗೆಳತಿಯರ ಸಾಲಿಗೆ ಸೇರಿಕೊಂಡಿದ್ದಳು.

ಚೇರಮನ್ನರು ಮುಂಬಯಿಯಲ್ಲಿ ಕಂಡದ್ದೂ ಇಂಥದೇ ಬಾಗಿಲು, ಇದು ಜಗತ್ತಿನಲ್ಲಿ ಮೊದಲೇ ಇತ್ತು, ಬೇರೆ ದೇಶಗಳಲ್ಲಿ ಯಾರೋ ಇಂಥದೇ ನೋವು ಕಂಡು ಇಂಥದೇ ದಾರಿ ಹುಡುಕಿದ್ದರು ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ತಿಳಿದಾಗ ದಾವಲಸಾಬರ ಮೇಲಿನ ನನ್ನ ಗೌರವ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಅವರು ಅಂಥ ಬಾಗಿಲಿನ ಒಂದು ಚಿತ್ರವನ್ನೂ ನೋಡದೆ, ನಮ್ಮಲ್ಲಿ ಯಾರಿಗೂ ತೋಚದ ಪ್ರಶ್ನೆಯೊಂದನ್ನು ಕೇಳಿಕೊಂಡು, ಅದೇ ಉತ್ತರಕ್ಕೆ ಬಂದು ತಲುಪಿದ್ದರು. ಅದಲ್ಲದೆ, ಮಾಡಿ ಮುಗಿಸಿದ ಮೇಲೆ ಮರೆಯಲಿಲ್ಲ. ಪ್ರತಿ ಶುಕ್ರವಾರ ನಮಾಜು ಮುಗಿಸಿ ನೇರವಾಗಿ ಶಾಲೆಗೆ ಬರುತ್ತಿದ್ದರು. ಬೇರಿಂಗಿಗೆ ಎರಡು ಹನಿ ಎಣ್ಣೆ ಬಿಟ್ಟು, ಕೊಳವೆಯನ್ನು ಒಮ್ಮೆ ದೂಡಿ, ಆ ಬಾಗಿಲಿನಿಂದಲೇ ಬಯಲಿಗೆ ಇಳಿದು ಹೋಗುತ್ತಿದ್ದರು.

ಮರುವರ್ಷ ನೀಲವ್ವ ಹತ್ತನೆಯ ತರಗತಿಗೆ ಮಾನಿಟರ್ ಆಗಿದ್ದಳು. ಭಾಷಣ ಸ್ಪರ್ಧೆಯ ಬಹುಮಾನ ಹಂಚಲು ಶಿರಹಟ್ಟಿಯಿಂದ ಅತಿಥಿಯೊಬ್ಬರು ಬಂದಿದ್ದರು. ಸ್ಥೂಲಕಾಯದ ಹಿರಿಯರು, ಒಳ್ಳೆಯ ಮಾತುಗಾರರು. ಅರ್ಧ ಗಂಟೆಯಾದರೂ ಪೀಠಿಕೆ ಮುಗಿದಿರಲಿಲ್ಲ. ಧ್ವನಿವರ್ಧಕ ಒಮ್ಮೆಲೇ ಕುಂಯ್ ಎಂದು ಕಿರಿಚಿತು. ತಗಡಿನ ಮಾಡಿನ ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದಂತೆ ಕಟ್ಟಿದ್ದ ಹೆಜ್ಜೇನಿನ ಗೂಡಿಗೆ ಆ ಕಿರಿಚಾಟ ಸಹನೆಯಾಗಲಿಲ್ಲ. ಕಪ್ಪು ಹೊಗೆಯಂತೆ ಹುಳುಗಳು ಎದ್ದವು.

ಅತಿಥಿಗಳು ಪೀಠಿಕೆ ಅಲ್ಲಿಗೇ ಬಿಟ್ಟು ಎಲ್ಲರಿಗಿಂತ ಮೊದಲು ಹಿಂದಿನ ಬಾಗಿಲಿಗೆ ಓಡಿ, ಕೊಳವೆಯನ್ನು ಎರಡೂ ಕೈಯಿಂದ ಹಿಡಿದು ತಮ್ಮ ಕಡೆಗೆ ಜಗ್ಗತೊಡಗಿದರು. "ಜಗ್ಗಬ್ಯಾಡ್ರಿ ಸರ್, ದೂಡ್ರಿ!" ಎಂದು ಹುಡುಗಿಯರೆಲ್ಲ ಒಂದೇ ದನಿಯಲ್ಲಿ ಕೂಗಿದರು. ಅವರಿಗೆ ಕೇಳಿಸಿತೋ ಇಲ್ಲವೋ, ಹಿಂದಿನಿಂದ ಬಂದವರ ಭಾರಕ್ಕೆ ಅವರ ಹೊಟ್ಟೆಯೇ ಕೊಳವೆಗೆ ಒತ್ತಿತು. ಟಕ್. ಹುಡುಗಿಯರು ಬಯಲಿಗೆ ಹರಿದರು. ರಸ್ತೆಯ ಬಾಗಿಲಿನಿಂದ ಅರ್ಧ ಜನ, ಇದರಿಂದ ಅರ್ಧ ಜನ. ಯಾರೂ ಬೀಳಲಿಲ್ಲ, ಯಾರ ಚಪ್ಪಲಿಯೂ ಕಳೆಯಲಿಲ್ಲ. ಎಲ್ಲ ಸೇರಿ ಒಂದು ಪ್ರಾರ್ಥನೆ ಹಾಡುವಷ್ಟು ಹೊತ್ತೂ ಹಿಡಿಯಲಿಲ್ಲ.

ನಾನು ಒಳಗೇ ಉಳಿದೆ. ಬೆಂಚಿನ ಕೆಳಗೆ ಯಾರಾದರೂ ಅಡಗಿರಬಹುದೆಂದು ಸೆರಗು ತಲೆಗೆ ಸುತ್ತಿಕೊಂಡು ಸಾಲು ಸಾಲು ಬಗ್ಗಿ ನೋಡಿದೆ. ಯಾರೂ ಇರಲಿಲ್ಲ. ಅಷ್ಟರಲ್ಲಿ ಬಾಗಿಲು ಗಾಳಿಗೆ ಮುಚ್ಚಿಕೊಂಡಿತ್ತು. ಕಿವಿಯ ಹತ್ತಿರ ಹುಳು ಗುಂಯ್‌ಗುಡುತ್ತಿತ್ತು, ಸೆರಗನ್ನು ಮುಖದ ಮೇಲೂ ಎಳೆದುಕೊಂಡಿದ್ದರಿಂದ ಏನೂ ಕಾಣುತ್ತಿರಲಿಲ್ಲ. ನಾನು ಕೊಳವೆಗಾಗಿ ಕೈ ಚಾಚಲೂ ಇಲ್ಲ. ಸುಮ್ಮನೆ ನಡೆಯುತ್ತ ಹೋಗಿ ಬಾಗಿಲಿಗೆ ಡಿಕ್ಕಿ ಹೊಡೆದೆ. ಮುಂದಿನ ಹೆಜ್ಜೆ ಬಯಲಿನಲ್ಲಿತ್ತು.

ನೀಲವ್ವ ಬೇವಿನ ಗಿಡದ ಕೆಳಗೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ತಲೆ ಎಣಿಸುತ್ತಿದ್ದಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ತಡವರಿಸುತ್ತ ಹೊರಬಂದ ನನ್ನನ್ನು ಕಂಡು ಯಾರೋ ಕಿಸಕ್ಕನೆ ನಕ್ಕರು. ಅವಳು ನಗಲಿಲ್ಲ. ನನ್ನನ್ನೂ ಎಣಿಸಿಕೊಂಡು ಹೇಳಿದಳು:

"ಎಲ್ಲಾರೂ ಬಂದಾರ್ರಿ ಅಕ್ಕೋರ. ನೀವೊಬ್ಬರು ಬರೂದಿತ್ತು."